ಸೈಕಲ್ ಮೇಲೆ ತಿನ್ನೋಕೆ ಹುರಿಹಿಟ್ಟಿನ ಉಂಡೆ

ಮೊದಲ ಸಲ ಬೆಂಗಳೂರಿನಿಂದ ನಂದಿಬೆಟ್ಟಕ್ಕೆ ಸೈಕಲ್ ತುಳಿದಾಗ ಜರ್ಸಿಯ ಬೆನ್ನಿನ ಜೇಬಲ್ಲಿದ್ದದ್ದು ಎರಡು ಶೇಂಗಾ ಉಂಡೆ. ಊರಿಂದ ಅಮ್ಮ ಕಳಿಸಿದ್ದು, ಪಾಕ ಸ್ವಲ್ಪ ಗಟ್ಟಿಯಾಗಿತ್ತು. ಬೆಟ್ಟದ ಬುಡ ಮುಟ್ಟುವವರೆಗೆ ಹಸಿವೇ ಆಗಿರಲಿಲ್ಲ, ಹಾಗಾಗಿ ಮುಟ್ಟಲೂ ಇಲ್ಲ. ಏರು ಶುರುವಾಗಿ ಏಳೆಂಟು ತಿರುವು ದಾಟಿದ್ದೆನೋ ಇಲ್ಲವೋ, ಕಾಲಲ್ಲಿ ಜೀವವೇ ಇಲ್ಲ, ಕೈ ಬೇರೆ ನಡುಕ. ಆಗ ಉಂಡೆ ಕಚ್ಚಿದರೆ ಆ ಏದುಸಿರಲ್ಲಿ ಅಗಿಯುವುದು ಹೇಗೆ? ಒಂದು ಚೂರು ಗಂಟಲಿಗೆ ಸಿಕ್ಕಿ ಕೆಮ್ಮಿ ಕೆಮ್ಮಿ ಕೊನೆಗೆ ರಸ್ತೆ ಪಕ್ಕದ ಕಟ್ಟೆ ಮೇಲೆ ಕೂತು ತಿಂದೆ.

ತಪ್ಪು ಉಂಡೆಯದ್ದಲ್ಲ. ಜೋರಾಗಿ ತುಳಿಯುವಾಗ ಮೈಯಲ್ಲಿ ಕೂಡಿಟ್ಟ ಕಾರ್ಬೋಹೈಡ್ರೇಟ್ ಒಂದೂವರೆ, ಎರಡು ಗಂಟೆ ಬಂದರೆ ಹೆಚ್ಚು. ಅದು ಮುಗಿದ ಮೇಲೆ ತಿಂದರೆ ಹೊಟ್ಟೆಯಿಂದ ಕಾಲಿಗೆ ಇಳಿಯೋಕೆ ಹೊತ್ತು ಹಿಡಿಯುತ್ತದೆ. ಆದ್ದರಿಂದ ಹೊರಟ ಅರ್ಧ ಮುಕ್ಕಾಲು ಗಂಟೆಗೇ ಬಾಯಿ ಆಡಿಸೋಕೆ ಶುರು ಮಾಡಿ, ಹಸಿವಾಗಲಿ ಬಿಡಲಿ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೋದರೆ ಸಾಕು. ಒಂದು ಸಾಧಾರಣ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ, ಆದರೆ ಜೇಬಲ್ಲಿ ಎರಡು ಗಂಟೆ ಇಟ್ಟ ಬಾಳೆಹಣ್ಣನ್ನು ನೀವೇ ಒಮ್ಮೆ ನೋಡಿ.

ಈಗ ನಾನು ಮಾಡುವುದು ರಾಗಿ ಹುರಿಹಿಟ್ಟಿನ ಉಂಡೆ. ರಾಗಿ ಅರಳು ಹುರಿದು ಬೀಸಿದ ಹಿಟ್ಟಾದ್ದರಿಂದ ಮತ್ತೆ ಬೇಯಿಸುವ ಗೊಡವೆ ಇಲ್ಲ. (ಮುದ್ದೆ ಮಾಡುವ ಹಸಿ ರಾಗಿಹಿಟ್ಟು ಹಾಕಬೇಡಿ, ಹೊಟ್ಟೆ ಕೆಡುತ್ತದೆ.) 120 ಗ್ರಾಂ ಹುರಿಹಿಟ್ಟು, 80 ಗ್ರಾಂ ಬೆಲ್ಲ, ಬೀಜ ತೆಗೆದ ಖರ್ಜೂರ 100 ಗ್ರಾಂ, ಹುರಿದ ಎಳ್ಳು ಎರಡು ಚಮಚ, ತುಪ್ಪ ಒಂದೇ ಚಮಚ, ಅರ್ಧ ಟೀ ಚಮಚ ಉಪ್ಪು, ಏಲಕ್ಕಿ ಇಷ್ಟವಿದ್ದರೆ. ಖರ್ಜೂರವನ್ನು ಬಿಸಿನೀರಲ್ಲಿ ಕಾಲು ಗಂಟೆ ನೆನೆಸಿ, ನೀರು ಬಸಿದು ಕೈಯಲ್ಲೇ ಕಿವುಚಿ. ಬೆಲ್ಲಕ್ಕೆ ಕಾಲು ಲೋಟ ನೀರು ಹಾಕಿ ಕರಗಿಸಿ ಸೋಸಿ, ಕಸ ಇದ್ದೇ ಇರುತ್ತದೆ. ಮತ್ತೆ ಒಲೆ ಮೇಲಿಟ್ಟು ಒಂದು ಕುದಿ ಬಂದ ತಕ್ಷಣ ಇಳಿಸಿ. ಎಳೆ ಪಾಕ ಬರಲಿ ಅಂತ ಕಾದರೆ ಮುಗೀತು, ಮರುದಿನ ನನ್ನ ಶೇಂಗಾ ಉಂಡೆಯ ಕಥೆಯೇ.

ಆ ಬಿಸಿ ಬೆಲ್ಲದ ನೀರಿಗೆ ಖರ್ಜೂರ, ತುಪ್ಪ, ಉಪ್ಪು, ಎಳ್ಳು ಹಾಕಿ, ಆಮೇಲೆ ಹುರಿಹಿಟ್ಟನ್ನು ಸ್ವಲ್ಪ ಸ್ವಲ್ಪವೇ ಉದುರಿಸುತ್ತಾ ಕಲಸಿ. ಹಿಟ್ಟು ಹತ್ತು ನಿಮಿಷ ನೀರು ಎಳೆದುಕೊಳ್ಳುತ್ತದೆ, ಅವಸರಪಟ್ಟು ಜಾಸ್ತಿ ಹಿಟ್ಟು ಸುರಿಯಬೇಡಿ. ಒಂದು ಉಂಡೆ ಕಟ್ಟಿ ಹೆಬ್ಬೆರಳಿಂದ ಒತ್ತಿ ನೋಡಿ: ಗುಳಿ ಬಿದ್ದು ಅಂಚು ಬಿರಿಯದಿದ್ದರೆ ಹದ ಸರಿ. ಬಿರಿದರೆ ಒಂದು ಚಮಚ ಬಿಸಿನೀರು ಚಿಮುಕಿಸಿ. ನಿಂಬೆ ಗಾತ್ರದ್ದು 12 ಆಗುತ್ತವೆ, ನನ್ನ ಲೆಕ್ಕಕ್ಕೆ ಒಂದೊಂದರಲ್ಲಿ 18ರಿಂದ 20 ಗ್ರಾಂ ಕಾರ್ಬೋಹೈಡ್ರೇಟ್. ಗಂಟೆಗೆ ಎರಡು, ಜೊತೆಗೆ ಪಾನಕ. ತುಪ್ಪ ಧಾರಾಳವಾಗಿ ಸುರಿಯಬೇಕು ಅನ್ನಿಸುತ್ತದೆ, ಬೇಡ. ಕೊಬ್ಬು ಕರಗೋದು ನಿಧಾನ, ಏರಿನಲ್ಲಿ ಹೊಟ್ಟೆ ಭಾರ. ಹಿಂದಿನ ರಾತ್ರಿಯೇ ಮಾಡಿ, ಉಳಿದದ್ದನ್ನು ಫ್ರಿಜ್ಜಿನಲ್ಲಿಡಿ.

ಪೊಟ್ಟಣ ಕಟ್ಟುವುದರಲ್ಲೇ ಎಲ್ಲರೂ ಎಡವುವುದು. ಪ್ಲಾಸ್ಟಿಕ್ ಕವರಿನಲ್ಲಿ ಒಟ್ಟಿಗೆ ಹಾಕಿದರೆ ಬೆವರಿನ ಕಾವಿಗೆ ಎಲ್ಲ ಸೇರಿ ಒಂದೇ ಮುದ್ದೆ. ಫಾಯಿಲ್ ಹಾಕಿದರೆ ಚೂರು ಹಲ್ಲಿಗೆ ಬರುತ್ತದೆ. ಬಟರ್ ಪೇಪರನ್ನು ಅಂಗೈಗಿಂತ ಸ್ವಲ್ಪ ದೊಡ್ಡದಾಗಿ ಕತ್ತರಿಸಿ, ಉಂಡೆ ಇಟ್ಟು ಸುತ್ತಿ, ಒಂದು ತುದಿಯನ್ನು ಮಾತ್ರ ಪೆಪ್ಪರ್‌ಮಿಂಟ್ ಥರ ತಿರುಚಿ. ಇನ್ನೊಂದು ತುದಿಯನ್ನು ಸುಮ್ನೆ ಒಳಗೆ ಮಡಚಿ. ತಿರುಚಿದ ತುದಿಯನ್ನು ಹಲ್ಲಲ್ಲಿ ಕಚ್ಚಿ ಎಳೆದರೆ ಬಿಚ್ಚಿಕೊಳ್ಳುತ್ತದೆ, ಇನ್ನೊಂದು ಕೈ ಹ್ಯಾಂಡಲ್ ಮೇಲೇ ಇರುತ್ತದೆ. ಮನೇಲಿ ಕೂತು ನಾಲ್ಕು ಸಲ ಅಭ್ಯಾಸ ಮಾಡಿ, ಹೆಂಡತಿ ನಕ್ಕರೂ ಪರವಾಗಿಲ್ಲ. ಟ್ರಾಫಿಕ್ ಇದ್ದರೆ, ಇಳಿಜಾರಿದ್ದರೆ ಈ ಸರ್ಕಸ್ ಬೇಡ, ನಿಲ್ಲಿಸಿಯೇ ತಿನ್ನಿ.

ಮೂರು ಗಂಟೆ ತುಳಿದ ಮೇಲೆ ಸಿಹಿ ಕಂಡರೆ ವಾಕರಿಕೆ ಬರುತ್ತದೆ. 200 ಕಿಲೋಮೀಟರಿನ ಬ್ರೆವೆ (ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಮಾಡುವವರಿಗೆ ಇದು ಗೊತ್ತು, ಅಲ್ಲಿ ಹದಿಮೂರೂವರೆ ಗಂಟೆ ಸಮಯ ಇರುತ್ತದೆ, ಅಷ್ಟು ಹೊತ್ತು ಬೆಲ್ಲವನ್ನೇ ತಿನ್ನೋಕಾಗುತ್ತಾ? ಅದಕ್ಕೆ ಬೇಯಿಸಿ ಸಿಪ್ಪೆ ಸುಲಿದ ಗೋಲಿ ಆಲೂಗಡ್ಡೆಗೆ ಉಪ್ಪು ಮೆಣಸು ಹೊರಳಿಸಿ ಇಟ್ಟುಕೊಳ್ಳಿ. ಚಟ್ನಿಪುಡಿ, ಎಣ್ಣೆ ಸವರಿದ ಪುಟ್ಟ ಇಡ್ಲಿಯೂ ಒಳ್ಳೇದೇ. ಕಾಯಿಚಟ್ನಿ ಮಾತ್ರ ಬೇಡ, ಬಿಸಿಲಿಗೆ ಹಳಸುತ್ತದೆ.

ಪಾನಕಕ್ಕೆ ಅರ್ಧ ಲೀಟರ್ ನೀರು, 30 ಗ್ರಾಂ ಬೆಲ್ಲ, ಅರ್ಧ ನಿಂಬೆಹಣ್ಣು, ಎರಡು ಚಿಟಿಕೆ ಉಪ್ಪು. ಶುಂಠಿ ಹಾಕಿದರೆ ಸೋಸಲೇಬೇಕು, ನಾರು ಬಾಟಲಿಯ ಬಾಯಲ್ಲಿ ಸಿಕ್ಕಿಕೊಂಡರೆ ಎಷ್ಟು ಒತ್ತಿದರೂ ಹನಿ ಬರಲ್ಲ. ಮನೆಗೆ ಬಂದ ತಕ್ಷಣ ಬಾಟಲಿ ತೊಳೆಯಿರಿ.

ಉಂಡೆ ಬಲಗಡೆ ಜೇಬಲ್ಲಿ, ಬಿಚ್ಚಿದ ಕಾಗದ ಎಡಗಡೆ. ಸ್ನಾನಕ್ಕೆ ಹೋಗೋ ಮುಂಚೆ ಎಡಗಡೆಯ ಕಾಗದ ಎಣಿಸಿದರೆ ನಿಜವಾಗಿ ಎಷ್ಟು ತಿಂದಿರಿ ಅಂತ ತಿಳಿಯುತ್ತದೆ, ಜರ್ಸಿ ಜೊತೆ ಅದೂ ವಾಷಿಂಗ್ ಮೆಷಿನ್‌ಗೆ ಹೋಗುವುದೂ ತಪ್ಪುತ್ತದೆ.