ಹದಿಹರೆಯದಲ್ಲಿ ಬೆಳವಣಿಗೆ ಹಾರ್ಮೋನ್ ಕೊರತೆ: ನನ್ನ ಅನುಭವ

ಹದಿಮೂರು, ಹದಿನಾಲ್ಕರ ಹುಡುಗನನ್ನು ಎತ್ತರ ಬೆಳೆಯುತ್ತಿಲ್ಲ ಎಂದು ಕರೆತಂದ ತಂದೆತಾಯಿ ಕೇಳುವುದು, ‘ಹಾರ್ಮೋನ್ ಇಂಜೆಕ್ಷನ್ ಯಾವಾಗ ಶುರು ಮಾಡೋಣ ಡಾಕ್ಟ್ರೇ?’ ಅಂತ. ನಾನು ಕೇಳುವುದು ಹಿಂದಿನ ವರ್ಷಗಳ ಎತ್ತರದ ಲೆಕ್ಕ. ಈಗ ಎಷ್ಟಿದ್ದಾನೆ ಅನ್ನುವುದಕ್ಕಿಂತ ವರ್ಷಕ್ಕೆ ಎಷ್ಟು ಬೆಳೆಯುತ್ತಿದ್ದಾನೆ ಅನ್ನುವುದು ಮುಖ್ಯ. ಜೊತೆಗೆ ಮೂಳೆಯ ವಯಸ್ಸು ತಿಳಿಯಲು ಎಡಗೈಯ ಎಕ್ಸ್‌ರೇ, ಥೈರಾಯ್ಡ್, ಸೀಲಿಯಾಕ್ (ಗೋಧಿಯ ಗ್ಲುಟೆನ್ ಒಗ್ಗದೆ ಕರುಳು ಕೆಡುವ ಕಾಯಿಲೆ), ಐಜಿಎಫ್-1 (ಬೆಳವಣಿಗೆ ಹಾರ್ಮೋನ್‌ನ ಪ್ರಭಾವದಿಂದ ರಕ್ತದಲ್ಲಿ ಹೆಚ್ಚುವ ಅಂಶ) ಪರೀಕ್ಷೆಗಳು. ಹುಡುಗಿಯಾದರೆ ಕ್ರೋಮೋಸೋಮ್ ಪರೀಕ್ಷೆಯನ್ನು ಬಿಡುವುದೇ ಇಲ್ಲ, ಒಂದು ಎಕ್ಸ್ ಕ್ರೋಮೋಸೋಮ್ ಇಲ್ಲದ ಅಥವಾ ಅಪೂರ್ಣವಾಗಿರುವ ಟರ್ನರ್ ಸಿಂಡ್ರೋಮ್ ಇರಬಹುದು.

ಈ ವಯಸ್ಸಿನಲ್ಲಿ ನಮ್ಮನ್ನು ದಾರಿ ತಪ್ಪಿಸುವುದು ತಡವಾಗಿ ಬರುವ ಪ್ರೌಢಾವಸ್ಥೆ. ಅದೂ ಕೊರತೆಯ ಹಾಗೇ ಕಾಣುತ್ತದೆ. ಬೆಳವಣಿಗೆ ಹಾರ್ಮೋನ್ ಅಲೆಅಲೆಯಾಗಿ, ಹೆಚ್ಚಾಗಿ ಗಾಢನಿದ್ದೆಯಲ್ಲಿ ಸುರಿಯುವುದರಿಂದ ಹಗಲು ಒಮ್ಮೆ ರಕ್ತ ತೆಗೆದರೆ ಏನೂ ತಿಳಿಯದು. ಕ್ಲೋನಿಡೀನ್ ಅಥವಾ ಗ್ಲುಕಗಾನ್ ಎಂಬ ಔಷಧಿ ಕೊಟ್ಟು, ಈ ಹಾರ್ಮೋನ್ ಸುರಿಸುವ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯನ್ನು ಕೆಣಕಿ, ಅರ್ಧ ಗಂಟೆಗೊಮ್ಮೆ ರಕ್ತ ತೆಗೆಯುತ್ತೇವೆ. ಕ್ಲೋನಿಡೀನ್ ನುಂಗಿದ ಮಕ್ಕಳು ತೂಕಡಿಸುತ್ತಾರೆ, ಬಿಪಿ ಇಳಿಯುತ್ತದೆ. ಎದ್ದು ಓಡಾಡಲು ಬಿಡುವುದಿಲ್ಲ. ಪ್ರೌಢಾವಸ್ಥೆ ಶುರುವಾಗದ ಹುಡುಗನಲ್ಲಿ ಆರೋಗ್ಯವಂತ ಪಿಟ್ಯುಟರಿಯೂ ಇಲ್ಲಿ ಫೇಲ್ ಆಗಬಹುದು. ಅದಕ್ಕೇ ಕೆಲವು ದಿನ ಮೊದಲು ಟೆಸ್ಟೋಸ್ಟೆರಾನ್, ಹುಡುಗಿಯರಿಗೆ ಈಸ್ಟ್ರೊಜೆನ್ ಕೊಟ್ಟು ಆಮೇಲೆ ಪರೀಕ್ಷೆ ಮಾಡುತ್ತೇನೆ. ಎಲ್ಲ ವೈದ್ಯರೂ ಇದನ್ನು ಒಪ್ಪುವುದಿಲ್ಲ. ಇಲ್ಲದ ಕೊರತೆಗೆ ವರ್ಷಗಟ್ಟಲೆ ಸೂಜಿ ಚುಚ್ಚಿಸಲು ನನಗೆ ಮನಸ್ಸಿಲ್ಲ, ಅಷ್ಟೇ. ಸ್ಥೂಲಕಾಯದವರಲ್ಲೂ ಫಲಿತಾಂಶ ಕಡಿಮೆ ಬರುತ್ತದೆ, ನೆನಪಿರಲಿ. ಕೊರತೆ ಖಚಿತವಾದರೆ ಪಿಟ್ಯುಟರಿಯ ಎಂಆರ್‌ಐ ಸ್ಕ್ಯಾನ್.

ಬೆಳವಣಿಗೆ ಹಾರ್ಮೋನ್‌ನ ಆರಂಭದ ಡೋಸ್ ಸಾಮಾನ್ಯವಾಗಿ ವಾರಕ್ಕೆ, ದೇಹತೂಕದ ಕೆಜಿಗೆ 0.16ರಿಂದ 0.24 ಮಿ.ಗ್ರಾಂ. ಅದನ್ನು ಏಳು ಪಾಲು ಮಾಡಿ ದಿನಾ ರಾತ್ರಿ ಚರ್ಮದಡಿಗೆ. ಐಜಿಎಫ್-1 ನೋಡಿಕೊಂಡು ಏರಿಳಿಸುತ್ತೇನೆ.

ಇಂಜೆಕ್ಷನ್ ಪೆನ್ ಅಮ್ಮನ ಕೈಗಲ್ಲ, ಹುಡುಗನ ಕೈಗೇ ಕೊಡುತ್ತೇನೆ. ತೊಡೆ, ಹೊಟ್ಟೆ, ಜಾಗ ಬದಲಿಸುತ್ತಾ ಅವನೇ ಚುಚ್ಚಿಕೊಳ್ಳಲಿ. ಬೆಳವಣಿಗೆ ನಿಧಾನವಾದರೆ ಡೋಸ್ ಏರಿಸುವ ಮುಂಚೆ, ಅಪ್ಪ-ಅಮ್ಮನನ್ನು ಹೊರಗೆ ಕೂರಿಸಿ ಕೇಳುತ್ತೇನೆ: ‘ಈ ವಾರ ಎಷ್ಟು ದಿನ ಬಿಟ್ಟುಹೋಯ್ತೋ?’ ‘ತಪ್ಪದೇ ತಗೊಂಡ್ಯಾ?’ ಅಂದರೆ ಹೂಂ ಅಂತಲೇ ಉತ್ತರ. ಬಿಡುವುದು ಜಾಸ್ತಿಯಾದರೆ ವಾರಕ್ಕೊಮ್ಮೆಯ ಇಂಜೆಕ್ಷನ್ ಸಿಗುವುದಾದರೆ ಅದಕ್ಕೆ ಬದಲಿಸುತ್ತೇನೆ.

ಚಿಕಿತ್ಸೆಯ ನಡುವೆ ಬಿಡದ ತಲೆನೋವು, ಕಣ್ಣು ಮಂಜಾಗುವುದು, ಕುಂಟುವುದು, ಇಷ್ಟಕ್ಕೆ ಕೂಡಲೇ ಬರಬೇಕು. ಮಂಡಿ ನೋವು ಅಂದರೂ ಸೊಂಟದ ಕೀಲಿನ ಎಕ್ಸ್‌ರೇ ತೆಗೆಸುತ್ತೇನೆ. ತೊಡೆಮೂಳೆಯ ತಲೆ ಜಾರಿದಾಗ ನೋವು ಮಂಡಿಯಲ್ಲೇ ಕಾಣಿಸಬಹುದು.

ಬೆಳವಣಿಗೆ ವರ್ಷಕ್ಕೆ 2 ಸೆಂ.ಮೀ. ಆಸುಪಾಸಿಗೆ ಇಳಿದರೆ ಇಂಜೆಕ್ಷನ್ ನಿಲ್ಲಿಸಿ, ತಿಂಗಳಾದರೂ ಬಿಟ್ಟು ಮತ್ತೆ ಪರೀಕ್ಷಿಸುತ್ತೇನೆ. ಕಾರಣ ಗೊತ್ತಾಗದೆ ಈ ಒಂದೇ ಹಾರ್ಮೋನ್ ಕಡಿಮೆಯಿದ್ದವರಲ್ಲಿ ಅನೇಕರಿಗೆ ಆಗ ಫಲಿತಾಂಶ ಸರಿಯಾಗಿಯೇ ಬರುತ್ತದೆ. ಪಿಟ್ಯುಟರಿಯ ಹಲವು ಹಾರ್ಮೋನ್‌ಗಳೇ ಇಲ್ಲದವರಿಗೆ ಎತ್ತರ ಮುಗಿದ ಮೇಲೂ ಸ್ನಾಯು, ಮೂಳೆಗಳಿಗಾಗಿ ಸಣ್ಣ ಡೋಸ್ ಮುಂದುವರಿಯುತ್ತದೆ.