ಟೀಮ್ ಬದಲಾಯಿಸೋಕೆ ಮುಂಚೆ ವಾಲಂಟಿಯರ್‌ಗಳನ್ನ ಹೇಗೆ ಕೇಳ್ಬೇಕು

ನಾನು ತುಮಕೂರಿಂದ ಕನ್ನಡ ವಿಕಿಪೀಡಿಯಕ್ಕೆ ಬರೆಯೋನು, ಬೆಳಿಗ್ಗೆ ಬೆಂಗಳೂರು ಟ್ರೈನಲ್ಲಿ ಸೀಟ್ ಸಿಕ್ರೆ ಒಂದೆರಡು ತಿದ್ದುಪಡಿ, ರಾತ್ರಿ ಊಟ ಆದ್ಮೇಲೆ ಇನ್ನೊಂದಷ್ಟು. ನಮ್ಮಂತೋರು ಸಂಬಳ ಇಲ್ದೆ ದಿನಾ ಬಳಸೋ ಸಾಫ್ಟ್‌ವೇರ್‌ನ ಟೀಮ್‌ಗಳನ್ನ ನೀವು ಹೊಸದಾಗಿ ಜೋಡಿಸೋರಾದ್ರೆ ದಯವಿಟ್ಟು ಹೀಗೆ ಮಾಡಿ.

ಮೊದ್ಲು ಒಂದು ಪಟ್ಟಿ ಹಾಕಿ: ಯಾವ ಟೂಲ್, ಈಗ ಯಾರು ನೋಡ್ಕೋತಿದಾರೆ, ಮುಂದೆ ಯಾರು ನೋಡ್ಕೋತಾರೆ. ಯಾವ ಮ್ಯಾನೇಜರ್ ಯಾರ ಕೈಕೆಳಗೆ ಅನ್ನೋದು ನಮಗೆ ಬೇಕಿಲ್ಲ, ಕನ್ನಡ ಟೈಪಿಂಗಲ್ಲಿ ಒತ್ತಕ್ಷರ ಕೆಟ್ರೆ ಯಾರಿಗೆ ಹೇಳ್ಬೇಕು ಅನ್ನೋದು ಬೇಕು. ಮೂರನೇ ಕಾಲಂ ಖಾಲಿ ಇದ್ರೆ ಖಾಲಿ ಅಂತಲೇ ತೋರಿಸಿ, ಮುಚ್ಚಿಡ್ಬೇಡಿ.

ಆಮೇಲೆ, ಯಾವುದು ಆಗ್ಲೇ ತೀರ್ಮಾನ ಆಗಿದೆ ಯಾವುದು ಇನ್ನೂ ಬದಲಾಗಬಹುದು ಅಂತ ಬಾಯ್ಬಿಟ್ಟು ಹೇಳಿ. ಬಜೆಟ್, ಯಾರ ಕೆಲಸ ಉಳಿಯುತ್ತೆ ಅನ್ನೋದೆಲ್ಲ ನಮ್ಮ ಮುಂದೆ ಚರ್ಚೆ ಮಾಡೋ ವಿಷಯ ಅಲ್ಲ, ಅದು ನಮಗೂ ಅರ್ಥ ಆಗುತ್ತೆ. ಆದ್ರೆ ಎಲ್ಲಾ ಮುಗಿಸಿ ಅಭಿಪ್ರಾಯ ಕೇಳಿದ್ರೆ, ಲಗ್ನಪತ್ರಿಕೆ ಅಚ್ಚಾದ್ಮೇಲೆ ಹುಡುಗಿ ಒಪ್ಪಿಗೆ ಕೇಳಿದಂಗಾಗುತ್ತೆ.

ಕೇಳ್ದೆ ಹೋದ್ರೆ ಏನಾಗುತ್ತೆ ಅಂತ ನಾವೆಲ್ಲ ನೋಡಿದೀವಿ. 2013ರ ಜುಲೈಯಲ್ಲಿ ವಿಕಿಪೀಡಿಯ ನಡೆಸೋ ವಿಕಿಮೀಡಿಯ ಫೌಂಡೇಶನ್‌ನೋರು ಇಂಗ್ಲಿಷ್ ವಿಕಿಪೀಡಿಯದಲ್ಲಿ ವಿಶುವಲ್ ಎಡಿಟರನ್ನ, ಅಂದ್ರೆ ಕೋಡ್ ಮುಟ್ಟದೆ ಪುಟ ತಿದ್ದೋ ಟೂಲನ್ನ, ಡಿಫಾಲ್ಟ್ ಮಾಡಿದ್ರು, ಬಗ್ ಜಾಸ್ತಿ ಅಂತ ಸಂಪಾದಕರು ವಿರೋಧ ಮಾಡಿ ಸೆಪ್ಟೆಂಬರಲ್ಲಿ ಡಿಫಾಲ್ಟಿಂದ ತೆಗೀಬೇಕಾಯ್ತು. 2014ರಲ್ಲಿ ಜರ್ಮನ್ ವಿಕಿಪೀಡಿಯದಲ್ಲಿ ಫೋಟೋ ದೊಡ್ಡದಾಗಿ ತೋರಿಸೋ ಮೀಡಿಯಾ ವ್ಯೂವರ್ ಬಗ್ಗೆ ಜಗಳ ಎಷ್ಟು ಬೆಳೀತು ಅಂದ್ರೆ ಅಲ್ಲಿನ ಅಡ್ಮಿನ್‌ಗಳೂ ಮುಟ್ಟೋಕಾಗ್ದಂಗೆ ಸೈಟ್‌ನ ಕೋಡ್ ಪುಟಕ್ಕೆ ಸೂಪರ್‌ಪ್ರೊಟೆಕ್ಟ್ ಅಂತ ಬೀಗ ಹಾಕಿದ್ರು, ಆ ಸೌಲಭ್ಯ ತೆಗೆದಿದ್ದು 2015ರ ನವೆಂಬರಲ್ಲಿ. ಅದೇ 2015ರಲ್ಲಿ ಟೀಮ್‌ಗಳನ್ನ ಮತ್ತೆ ಜೋಡಿಸಿದಾಗ ಕಮ್ಯುನಿಟಿ ಟೆಕ್ ಅಂತ ಒಂದು ಟೀಮ್ ಮಾಡಿ, ವಾಲಂಟಿಯರ್‌ಗಳೇ ಓಟು ಹಾಕಿ ಆರಿಸಿದ ಬೇಡಿಕೆಗಳನ್ನ ಕೈಗೆತ್ತಿಕೊಂಡ್ರು. ನನಗೆ ನಿಜವಾಗ್ಲೂ ನಂಬಿಕೆ ಬಂದಿದ್ದು ಆಗ.

ಕೇಳೋದನ್ನ ಕನ್ನಡದಲ್ಲೇ ಕೇಳಿ, ನಾಲ್ಕೈದು ಪ್ರಶ್ನೆ ಸಾಕು, ಮೊಬೈಲಲ್ಲಿ ಓದೋ ಹಾಗಿರ್ಲಿ. ಕನಿಷ್ಠ ಮೂರ್ನಾಲ್ಕು ವಾರ ಕೊಡಿ, ಅದೂ ಶಿವರಾತ್ರಿ ಹೊತ್ತಲ್ಲಿ ಬೇಡ, ಸಿದ್ಧಗಂಗೆ ಜಾತ್ರೆ ಟೈಮಲ್ಲಿ ಇಲ್ಲಿ ಯಾರೂ ಸಿಗಲ್ಲ. ಬರೆಯೋಕೆ ಹಿಂಜರಿಯೋರು ಇರ್ತಾರೆ, ಅವರಿಗೆ ಒಂದು ಭಾನುವಾರ ಫೋನ್ ಮಾಡಿ ಮಾತಾಡಿ.

ಬಂದ ಮಾತಲ್ಲಿ ಯಾವುದನ್ನ ತಗೊಂಡ್ರಿ, ಯಾವುದನ್ನ ಬಿಟ್ರಿ, ಬಿಟ್ಟಿದ್ದು ಯಾಕೆ ಅಂತ ಬರೆದು ತಿಳಿಸಿ. ಮೂರು ತಿಂಗಳು ಬಿಟ್ಟು ಅದೇ ಪಟ್ಟಿ ಹಿಡ್ಕೊಂಡು ಮತ್ತೆ ಬನ್ನಿ, ಖಾಲಿ ಇದ್ದ ಕಾಲಂನಲ್ಲಿ ಹೆಸರು ಬಂದಿದೆಯಾ ಅಂತ ನಾವು ಮೊದ್ಲು ಅದನ್ನೇ ನೋಡೋದು.