ಹೊರದೇಶಕ್ಕೆ ಸುವಾರ್ತಾಸೇವೆಗೆ ಹೊರಡುವ ಮುನ್ನ: ಮೈಸೂರು ಸೀಮೆಯ ಸಭೆಗಳಿಗೆ ಒಂದು ಕೈಪಿಡಿ

ಹೊರದೇಶಕ್ಕೆ ಸುವಾರ್ತಾಸೇವೆಯ ತಂಡವೊಂದನ್ನು ಕಳುಹಿಸಬೇಕೆಂದು ನಿಮ್ಮ ಸಭೆ ಯೋಚಿಸುತ್ತಿದ್ದರೆ, ಮೊದಲ ಪಾಠಕ್ಕಾಗಿ ದೂರ ಹೋಗಬೇಕಾಗಿಲ್ಲ. ಮಿಷನರಿಗಳು ಬಂದು ಇಳಿದ ಸೀಮೆ ನಮ್ಮದು. 17ನೆಯ ಶತಮಾನದ ನಡುವಿನಲ್ಲಿ ಇಟಲಿಯ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದರು. 1799ರ ಯುದ್ಧ ಮುಗಿದ ಮೇಲೆ ಅದೇ ಸುತ್ತಿನಲ್ಲಿ ಫ್ರಾನ್ಸಿನ ಪಾದ್ರಿ ಅಬ್ಬೆ ದ್ಯುಬುವಾ ಚೆದುರಿದ ಕ್ರೈಸ್ತ ಕುಟುಂಬಗಳನ್ನು ಒಟ್ಟುಗೂಡಿಸಿದರು. 1906ರಲ್ಲಿ ವೆಸ್ಲಿಯನ್ ಮಿಷನ್ನಿನವರು ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ತೆರೆದರು. ಹೊರಗಿನವರ ಸೇವೆ ಎಲ್ಲಿ ಬೇರು ಬಿಟ್ಟಿತು, ಎಲ್ಲಿ ಬಿಡಲಿಲ್ಲ ಎಂಬುದನ್ನು ಬರಮಾಡಿಕೊಂಡವರ ಕಡೆಯಿಂದ ನೋಡಿದ ಅನುಭವ ನಮ್ಮ ಹಿರಿಯರಿಗಿತ್ತು. ಈಗ ನಾವೇ ಹೊರಗಿನವರಾಗಿ ಹೊರಡುವಾಗ ಆ ಅನುಭವವನ್ನು ತಿರುಗಿಸಿ ನೋಡುವುದೇ ನಿಜವಾದ ಸಿದ್ಧತೆ.

ಎಲ್ಲಕ್ಕಿಂತ ಮೊದಲು, ನಿಮ್ಮನ್ನು ಕರೆದವರು ಯಾರು ಎಂಬುದನ್ನು ಖಚಿತಪಡಿಸಿಕೊಳ್ಳಿ. ವಿಮಾನದ ಟಿಕೆಟ್ಟಿನ ದರ ವಿಚಾರಿಸುವ ಮೊದಲೇ ಅಲ್ಲಿನ ಸಭೆಯಿಂದ ಕರೆಯ ಪತ್ರ ಬಂದಿರಬೇಕು, ಮತ್ತು ಆ ಪತ್ರ ನೀವು ಬರೆದುಕೊಟ್ಟ ಒಕ್ಕಣೆಯ ನಕಲಾಗಿರಬಾರದು. 1910ರಲ್ಲಿ ಎಡಿನ್‌ಬರೋದಲ್ಲಿ ನಡೆದ ಜಾಗತಿಕ ಮಿಷನರಿ ಸಮ್ಮೇಳನದಲ್ಲಿ ತಮಿಳುನಾಡಿನ ವಿ. ಎಸ್. ಅಜರಾಯರು ಪಾಶ್ಚಾತ್ಯ ಮಿಷನರಿಗಳ ತ್ಯಾಗವನ್ನೆಲ್ಲ ಒಪ್ಪಿಕೊಂಡೇ, ನಮಗೆ ಸ್ನೇಹಿತರನ್ನು ಕೊಡಿ ಎಂದು ಕೇಳಿದರು. ದುಡ್ಡು, ದುಡಿಮೆ, ಪ್ರಾಣ ಎಲ್ಲವನ್ನೂ ಕೊಟ್ಟವರು ಪಕ್ಕದಲ್ಲಿ ಸಮನಾಗಿ ಕೂರಲು ಹಿಂಜರಿದರು ಎಂಬುದು ಆ ಮಾತಿನ ತಿರುಳು. ನೀವು ಬರೆಯುವ ಮೊದಲ ಪತ್ರದಲ್ಲಿ ನಿಮ್ಮ ಕಾರ್ಯಕ್ರಮದ ಪಟ್ಟಿಯನ್ನು ಇಡಬೇಡಿ. “ನಿಮ್ಮಲ್ಲಿ ಈಗ ಏನು ನಡೆಯುತ್ತಿದೆ, ಅದರಲ್ಲಿ ನಮ್ಮಿಂದ ಉಪಯೋಗವಾಗುವುದೇನಾದರೂ ಇದೆಯೇ?” ಎಂದಷ್ಟೇ ಕೇಳಿ. ಸದ್ಯಕ್ಕೆ ಏನೂ ಇಲ್ಲ ಎಂಬ ಉತ್ತರ ಬಂದರೆ ಅದನ್ನು ಉತ್ತರವೆಂದೇ ಒಪ್ಪಿಕೊಳ್ಳಿ; ಯುವಜನರ ಕೂಟ ಆಗಲೇ ಕಾಣಿಕೆ ಎತ್ತಿಬಿಟ್ಟಿದೆ ಎಂಬುದು ಹೊರಡಲು ಕಾರಣವಾಗಲಾರದು.

ಭಾಷೆಯ ವಿಷಯದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ. ಚಿನ್ನಾಮಿಯವರು ಕನ್ನಡ ಕಲಿತು ಕನ್ನಡದಲ್ಲೇ ಧರ್ಮೋಪದೇಶವನ್ನು ಬರೆದರು. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಈ ನಾಡಿಗೆ ಬಂದವರು. ಅವರ ನಿಘಂಟು ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಎರಡು ವಾರಕ್ಕೆ ಹೋಗಿ ಬರುವ ತಂಡ ಇವರ ಹೆಸರನ್ನು ಭಾಷಣದಲ್ಲಿ ಎತ್ತಿಕೊಳ್ಳುವುದು ಸುಲಭ, ಅವರ ಸಾಲಿನಲ್ಲಿ ನಿಲ್ಲುವುದು ಆಗದ ಮಾತು. ಆದರೂ ಹೊರಡುವ ಆರು ತಿಂಗಳ ಮೊದಲೇ ನೇಪಾಳಿಯನ್ನೋ ಸ್ವಾಹಿಲಿಯನ್ನೋ ದಿನಕ್ಕೆ ಅರ್ಧ ಗಂಟೆ ಕಲಿಯತೊಡಗಿದರೆ, ಮನೆಯವರ ಯೋಗಕ್ಷೇಮ ವಿಚಾರಿಸುವಷ್ಟು, ಊಟ ಚೆನ್ನಾಗಿತ್ತೆಂದು ಹೇಳುವಷ್ಟು, ಅರ್ಥವಾಗಲಿಲ್ಲವೆಂದು ಒಪ್ಪಿಕೊಳ್ಳುವಷ್ಟು ಮಾತು ಬರುತ್ತದೆ. ಅಭ್ಯಾಸಕ್ಕೆ ಜಿಲ್ಲೆಯಲ್ಲೇ ಜಾಗವಿದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಟಿಬೆಟನ್ ಶಿಬಿರಕ್ಕೆ ತಂಡದವರೆಲ್ಲ ಒಂದು ದಿನ ಹೋಗಿ, ಪ್ರಸಂಗವಿಲ್ಲದೆ, ಕರಪತ್ರವಿಲ್ಲದೆ, ಬರೀ ಅತಿಥಿಗಳಾಗಿ ಇದ್ದು ಬನ್ನಿ. ಅಂಗಡಿಯಲ್ಲಿ ಕನ್ನಡ ಬಾಯಿಗೆ ಬಂದರೂ ಅದುಮಿಟ್ಟುಕೊಂಡು, ಕೈಸನ್ನೆಯಲ್ಲೇ ಒಂದು ಬಟ್ಟಲು ತುಕ್ಪಾ ತರಿಸಿಕೊಂಡು ಉಣ್ಣುವಾಗ ಆಗುವ ಮುಜುಗರವೇ ಅಂದಿನ ಪಾಠ. ನಮ್ಮ ಊರಿನಲ್ಲಿ ನಾಲ್ಕು ಜನರ ಮುಂದೆ ಲೀಲಾಜಾಲವಾಗಿ ಮಾತಾಡುವ ಉಪದೇಶಿಗಳಿಗೆ ಇದು ಎಲ್ಲರಿಗಿಂತ ಹೆಚ್ಚು ಬೇಕು.

ದುಭಾಷಿಯ ಮೂಲಕ ಮಾತಾಡಬೇಕಾದರೆ ನಿಮ್ಮ ಪ್ರಸಂಗವನ್ನು ಅರ್ಧಕ್ಕಿಳಿಸಿ, ಹಿಂದಿನ ದಿನವೇ ಬರಹದಲ್ಲಿ ಅವರ ಕೈಗೆ ಕೊಡಿ, ಒಂದೊಂದು ವಾಕ್ಯಕ್ಕೂ ನಿಲ್ಲಿ. ನಗೆಹನಿಗಳನ್ನು ಮೈಸೂರಿನಲ್ಲೇ ಬಿಟ್ಟು ಹೋಗುವುದು ಲೇಸು.

ಕಾನೂನಿನ ವಿಚಾರದಲ್ಲಿ ಭಕ್ತಿಯ ಹೆಸರಿನಲ್ಲಿ ಅಸಡ್ಡೆ ತೋರುವವರನ್ನು ತಂಡಕ್ಕೆ ಸೇರಿಸಿಕೊಳ್ಳಲೇಬೇಡಿ. ನೇಪಾಳಕ್ಕೆ ಭಾರತೀಯರಿಗೆ ವೀಸಾ ಬೇಕಿಲ್ಲವಾದ್ದರಿಂದ ಅದು ನೆರೆಮನೆಯೆಂಬ ಭಾವನೆ ಹಲವರಲ್ಲಿದೆ. ಆದರೆ 2015ರ ಅಲ್ಲಿನ ಸಂವಿಧಾನವೇ ಬೇರೊಬ್ಬರನ್ನು ಮತಾಂತರಿಸುವುದನ್ನು ನಿಷೇಧಿಸಿದೆ, ಮತ್ತು 2018ರಿಂದ ಜಾರಿಯಲ್ಲಿರುವ ದಂಡ ಸಂಹಿತೆ ಅದಕ್ಕೆ 5 ವರ್ಷದವರೆಗೆ ಸೆರೆವಾಸ, 50,000 ನೇಪಾಳಿ ರೂಪಾಯಿವರೆಗೆ ದಂಡ ಹಾಗೂ ವಿದೇಶಿಯರಾದರೆ ಶಿಕ್ಷೆ ಮುಗಿದ ಮೇಲೆ ಗಡೀಪಾರನ್ನು ವಿಧಿಸುತ್ತದೆ. ಇಲ್ಲಿ ಮುಖ್ಯವಾದ ಪ್ರಶ್ನೆ ನಿಮಗೆಷ್ಟು ಧೈರ್ಯವಿದೆ ಎಂಬುದಲ್ಲ, ನಿಮ್ಮ ಧೈರ್ಯದ ಬೆಲೆಯನ್ನು ಯಾರು ತೆರುತ್ತಾರೆ ಎಂಬುದು. 2018ರ ನವೆಂಬರ್‌ನಲ್ಲಿ ಅಮೆರಿಕದ ಯುವಕ ಜಾನ್ ಚೌ ನಿಷೇಧವನ್ನು ಮೀರಿ ಅಂಡಮಾನಿನ ಉತ್ತರ ಸೆಂಟಿನೆಲ್ ದ್ವೀಪಕ್ಕೆ ಹೋಗಿ ಪ್ರಾಣ ಕಳೆದುಕೊಂಡಾಗ, ಅವರನ್ನು ದೋಣಿಯಲ್ಲಿ ಕರೆದೊಯ್ದ ಮೀನುಗಾರರು ಪೊಲೀಸರ ವಶವಾದರು. ಹೊರಗಿನ ರೋಗಗಳಿಗೆ ಪ್ರತಿರೋಧವಿಲ್ಲದ ಆ ದ್ವೀಪವಾಸಿಗಳು ಎದುರಿಸಿದ ಅಪಾಯ ಬೇರೆಯೇ. ಪ್ರವಾಸಿ ವೀಸಾದಲ್ಲಿ ಹೋಗಿ ಸಾರ್ವಜನಿಕ ಕೂಟ ನಡೆಸುವುದು, ಅರ್ಜಿಯಲ್ಲಿ ಒಂದು ಬರೆದು ಅಲ್ಲಿ ಇನ್ನೊಂದು ಮಾಡುವುದು, ಇವೆರಡನ್ನೂ ಬಿಡಿ. ಸತ್ಯವನ್ನು ಸಾರಲು ಹೊರಟವರು ವಲಸೆ ವಿಭಾಗದ ಮೇಜಿನ ಮುಂದೆ ಸುಳ್ಳು ಹೇಳಿದರೆ ಅಲ್ಲಿಗೇ ಸೇವೆ ಮುಗಿದಂತೆ.

ಹಣದ ಪಾಠವನ್ನು ಕರಾವಳಿಯಿಂದ ಕಲಿಯಬೇಕು. ಕ್ರೈಸ್ತರಾದದ್ದಕ್ಕೆ ಮನೆ, ಕಸುಬು ಎರಡನ್ನೂ ಕಳೆದುಕೊಂಡವರಿಗೆ ಕೆಲಸ ಕೊಡಲು ಬಾಸೆಲ್ ಮಿಷನ್ ನೇಯ್ಗೆಯ ಕಾರ್ಖಾನೆಗಳನ್ನೂ, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆಯಿತು. ಉದ್ದೇಶ ಒಳ್ಳೆಯದೇ, ಹೆಂಚು ಸಹ ಒಳ್ಳೆಯದೇ. ಆದರೆ ಉದ್ಯೋಗ ಕೊಡುವವರೂ ದೀಕ್ಷಾಸ್ನಾನ ಕೊಡುವವರೂ ಒಬ್ಬರೇ ಆದಾಗ ನಂಬಿಕೆಗೂ ಕೂಲಿಗೂ ಗಂಟು ಬೀಳುತ್ತದೆ. 1914ರಲ್ಲಿ ಯುದ್ಧ ಹೊತ್ತಿಕೊಂಡ ಮೇಲೆ ಅದರ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಸೆರೆಯಲ್ಲಿಟ್ಟಿತು, ಕಾರ್ಖಾನೆಗಳು ಬೇರೆಯವರ ಕೈಗೆ ಹೋದವು. ಇದಕ್ಕೆ ಪ್ರತಿಯಾದ ದಾರಿಯನ್ನು ಚೀನಾದಲ್ಲಿ ಕೆಲಸ ಮಾಡುತ್ತಿದ್ದ ಜಾನ್ ನೀವಿಯಸ್ 1890ರಲ್ಲಿ ಕೊರಿಯಾದ ಹೊಸ ಮಿಷನರಿಗಳಿಗೆ ಹೇಳಿಕೊಟ್ಟರು: ವಿಶ್ವಾಸಿಗಳು ತಮ್ಮ ತಮ್ಮ ಕಸುಬಿನಲ್ಲೇ ಉಳಿಯಲಿ, ಪ್ರಾರ್ಥನಾಲಯವನ್ನು ತಮ್ಮ ದುಡ್ಡಿನಲ್ಲಿ ತಮ್ಮ ಊರಿನ ರೀತಿಯಲ್ಲೇ ಕಟ್ಟಿಕೊಳ್ಳಲಿ, ತಾವು ಸಾಕಲು ಶಕ್ತರಾದ ಸೇವಕರನ್ನಷ್ಟೇ ನೇಮಿಸಿಕೊಳ್ಳಲಿ.

ಆದ್ದರಿಂದ ಅಲ್ಲಿನ ಉಪದೇಶಿಗೆ ತಿಂಗಳ ಸಂಬಳ ಕೊಡುತ್ತೇವೆಂದು ಯಾರೂ ಮಾತು ಕೊಡಬಾರದು. ಚಿಕಿತ್ಸೆ, ಪಾಠ, ಬಟ್ಟೆ, ಅಕ್ಕಿ ಏನನ್ನೇ ಕೊಟ್ಟರೂ ಪ್ರಾರ್ಥನೆಗೆ ಬಂದವರಿಗೂ ಬಾರದವರಿಗೂ ಒಂದೇ ಸಮ ಸಿಗಬೇಕು, ಮತ್ತು ಹಂಚುವ ಕೈ ಅಲ್ಲಿನ ಸಭೆಯದಾಗಿರಬೇಕು. ಊರಿನವರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಗೆ ಎಲ್ಲ ಮತದವರೂ ಹೆರಿಗೆಗೆ ಹೋದರು. ಮಿಷನ್ನಿನ ಬಗ್ಗೆ ಈ ಊರಿನಲ್ಲಿ ಉಳಿದಿರುವ ಗೌರವದಲ್ಲಿ ಅದರದೇ ದೊಡ್ಡ ಪಾಲು ಎಂದು ನನ್ನ ಅಭಿಪ್ರಾಯ. ಕಾಣಿಕೆಯ ಹಣವನ್ನು ಜೇಬಿನಲ್ಲಿ ಒಯ್ಯಬೇಡಿ. ಟ್ರಸ್ಟಿನ ಹಣವನ್ನು ಹೊರದೇಶದಲ್ಲಿ ಖರ್ಚು ಮಾಡುವುದಕ್ಕೆ ಆದಾಯ ತೆರಿಗೆಯ ನಿಯಮವೂ ವಿದೇಶಿ ವಿನಿಮಯದ ನಿಯಮವೂ ಅಡ್ಡ ಬರುತ್ತವೆಯಾದ್ದರಿಂದ, ಸಭೆಯ ಲೆಕ್ಕ ಪರಿಶೋಧಕರನ್ನು ಮೊದಲೇ ಕೂರಿಸಿ ಮಾತಾಡಿ.

ಆತ್ಮಗಳ ಸಂಖ್ಯೆಯ ಗುರಿ ಇಟ್ಟುಕೊಳ್ಳುವ ಅಭ್ಯಾಸ ನನಗೆ ಹಿಡಿಸುವುದಿಲ್ಲ. 1813ರಲ್ಲಿ ಬರ್ಮಾ ತಲುಪಿದ ಅಡೋನಿರಾಮ್ ಜಡ್ಸನ್ ಮೊದಲ ದೀಕ್ಷಾಸ್ನಾನ ಕೊಟ್ಟದ್ದು 1819ರಲ್ಲಿ; ಹತ್ತು ದಿನಕ್ಕೆ ಹೋದವರ ವರದಿಯಲ್ಲಿ ಸಂಖ್ಯೆ ಅದಕ್ಕಿಂತ ದೊಡ್ಡದಾಗಿದ್ದರೆ ಅನುಮಾನಿಸುವ ಹಕ್ಕು ಸಭೆಗಿದೆ. ವರದಿಯ ಭಾಷೆಗೂ ಇದೇ ಎಚ್ಚರ ಬೇಕು. ಇಲ್ಲಿಂದ ಯೂರೋಪಿಗೆ ಹೋದ ಹಳೆಯ ಮಿಷನರಿ ಪತ್ರಗಳಲ್ಲಿ ನಮ್ಮ ಅಜ್ಜ ಮುತ್ತಜ್ಜಂದಿರನ್ನು ಕತ್ತಲೆಯ ಜನ ಎಂದು ಬಣ್ಣಿಸಿರುವುದನ್ನು ಇಂದು ಮೊಮ್ಮಕ್ಕಳು ಓದುತ್ತಿದ್ದಾರೆ. ನಿಮ್ಮ ಪ್ರಾರ್ಥನಾ ಪತ್ರವನ್ನು ವಾಟ್ಸ್ಆಪ್ ಗುಂಪಿಗೆ ಹಾಕುವ ಮೊದಲು, ಅದರಲ್ಲಿ ಬರುವ ಮಗುವಿನ ತಂದೆ ಎದುರಿನ ಬೆಂಚಿನಲ್ಲೇ ಕುಳಿತಿದ್ದಾರೆಂದುಕೊಂಡು ಗಟ್ಟಿಯಾಗಿ ಓದಿ. ಮೂಗು ಸೋರುವ, ಬರಿಮೈಯ ಮಗುವಿನ ಫೋಟೋ ಆ ತಂದೆಯ ಒಪ್ಪಿಗೆಯಿಲ್ಲದೆ ಹೋಗಬಾರದು. ಕಿರುಕುಳದ ಭಯವಿರುವ ದೇಶವಾದರೆ ಊರಿನ ಹೆಸರು, ವಿಶ್ವಾಸಿಗಳ ಮುಖ ಎರಡೂ ಬೇಡ.

ಉಳಿದ ಸಿದ್ಧತೆಗಳು ಚಿಕ್ಕವು. ಕೀನ್ಯಾ, ಉಗಾಂಡದಂತಹ ದೇಶಗಳಿಗೆ ಹೊರಡುವವರು ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಅಧಿಕೃತ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು. ಪ್ರಮಾಣಪತ್ರವಿಲ್ಲದೆ ಮರಳಿದರೆ ನಮ್ಮದೇ ವಿಮಾನ ನಿಲ್ದಾಣದಲ್ಲಿ ಪ್ರತ್ಯೇಕವಾಗಿ ಇರಿಸುತ್ತಾರೆ. ಮನೆಯವರು ಬಡಿಸಿದ್ದನ್ನು ಉಣ್ಣಿ. ಮುದ್ದೆಯಿಲ್ಲದೆ ಆಗದು ಎನ್ನುವವರು ಪೂರ್ವ ಆಫ್ರಿಕಾದ ಮೆಕ್ಕೆಜೋಳದ ಹಿಟ್ಟಿನ ಉಗಾಲಿಯನ್ನು ಬೇಗ ಒಗ್ಗಿಸಿಕೊಳ್ಳುತ್ತಾರೆ.

ಮರಳಿ ಬಂದ ಮೇಲೆ ಮೊದಲ ವರದಿಯನ್ನು ನಿಮ್ಮ ಅಯ್ಯನವರಿಗೆ ಕೊಡುವ ಮುನ್ನ ಅಲ್ಲಿನ ಸಭೆಯ ಹಿರಿಯರಿಗೆ ಕಳುಹಿಸಿ, ಅವರು ತಿದ್ದಿದ್ದನ್ನು ತಿದ್ದಿದಂತೆಯೇ ಓದಿ. ನಿಮ್ಮಿಂದ ಅವರಿಗಾದ ತೊಂದರೆ, ಖರ್ಚು ಏನೆಂಬುದನ್ನು ಬೇರೆ ಪತ್ರದಲ್ಲಿ ಕೇಳಿ. ಅತಿಥಿಗಳ ಮುಖಕ್ಕೆ ಹೇಳದ್ದನ್ನು ತಿಂಗಳಾದ ಮೇಲೆ ಬರೆದಾರು. ಆ ಉತ್ತರ ಬಂದು ಸಭೆಯ ಸಮಿತಿಯಲ್ಲಿ ಚರ್ಚೆಯಾಗುವವರೆಗೆ ಎರಡನೆಯ ತಂಡದ ದಿನಾಂಕವನ್ನು ಗೊತ್ತುಮಾಡಬೇಡಿ.